ಜೇನಿನಿಂದ ಮೊದಲಾದ ಅಕ್ಷರಗಳು: ಪುಟ್ಟ ಮಕ್ಕಳಿಗೆ ಹೀಬ್ರೂ ಮತ್ತು ಯಹೂದಿ ಹಬ್ಬಗಳನ್ನು ಕಲಿಸಿದ ನನ್ನ ಅನುಭವ

ನ್ಯೂಜೆರ್ಸಿಯ ಒಂದು ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರದ) ಧಾರ್ಮಿಕ ಶಾಲೆಯಲ್ಲಿ ಐದಾರು ವರ್ಷದ ಮಕ್ಕಳಿಗೆ ಹೀಬ್ರೂ ಅಕ್ಷರಗಳನ್ನೂ ಯಹೂದಿ ಹಬ್ಬಗಳನ್ನೂ ಕಲಿಸುವ ಕೆಲಸವನ್ನು ನಾನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಮಕ್ಕಳು ನನ್ನನ್ನು ‘ಮೋರಾ’ ಎಂದು ಕರೆಯುತ್ತಾರೆ. ಶಿಕ್ಷಕಿಗೆ ಹೀಬ್ರೂವಿನಲ್ಲಿರುವ ಹೆಸರು ಅದು. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಮದುವೆಗೆ ಮುನ್ನ ಯಹೂದಿ ಧರ್ಮವನ್ನು ಓದಿ ಅರಿತು ಸ್ವೀಕರಿಸಿದ ನನಗೆ ಆಲೆಫ್, ಬೆಟ್ ಎಂಬ ಅಕ್ಷರಗಳ ಪರಿಚಯವಾದದ್ದೇ ಮೂವತ್ತು ದಾಟಿದ ಮೇಲೆ. ಇಲ್ಲಿನ ಕನ್ನಡ ಕೂಟದ ಮಕ್ಕಳಿಗೆ ಕನ್ನಡ ಹೇಳಿಕೊಡುವ ಗೆಳತಿಯರು, ಮನೆಯಲ್ಲಿ ಇಂಗ್ಲಿಷನ್ನೇ ಆಡುವ ಮಕ್ಕಳಿಗೆ ವಾರಕ್ಕೊಮ್ಮೆ ಸೇರುವ ತರಗತಿಯಲ್ಲಿ ಒಂದು ಲಿಪಿಯನ್ನು ಕಲಿಸುವುದು ಹೇಗೆ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಇಂತಹ ಭಾನುವಾರದ ಶಾಲೆಗೆ ದೀರ್ಘ ಇತಿಹಾಸವಿದೆ. ರೆಬೆಕಾ ಗ್ರಾಟ್ಜ್ ಎಂಬ ಮಹಿಳೆ 1838ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಹೀಬ್ರೂ ಭಾನುವಾರದ ಶಾಲೆಯನ್ನು ತೆರೆದರು. ಇಂದಿಗೂ ನಮ್ಮ ಮಕ್ಕಳು ವಾರವಿಡೀ ಸರಕಾರಿ ಶಾಲೆಗೆ ಹೋಗಿ, ಭಾನುವಾರ ಬೆಳಿಗ್ಗೆ ಎರಡೂವರೆ ಗಂಟೆಯ ಕಾಲ ನಮ್ಮಲ್ಲಿಗೆ ಬರುತ್ತಾರೆ. ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ರಜೆಗಳನ್ನು ಕಳೆದರೆ ನನಗೆ ಸಿಗುವುದು ಇಪ್ಪತ್ತೆಂಟು ಭಾನುವಾರಗಳು, ಅಂದರೆ ವರ್ಷಕ್ಕೆ ಎಪ್ಪತ್ತು ಗಂಟೆ. ಮಾಡಬೇಕಾದದ್ದನ್ನೆಲ್ಲ ಈ ಲೆಕ್ಕದೊಳಗೇ ಮಾಡಬೇಕು.

ಮೊದಲ ಎರಡು ವರ್ಷ ನಾನು ತಪ್ಪು ದಾರಿ ಹಿಡಿದಿದ್ದೆ. ಮೊದಲ ಒಂದು ಗಂಟೆ ಅಕ್ಷರಮಾಲೆ, ಆಮೇಲೆ ಹಬ್ಬದ ಕಥೆ ಮತ್ತು ಕೈಕೆಲಸ ಎಂದು ಬೇರೆ ಬೇರೆಯಾಗಿ ವಿಂಗಡಿಸಿ, ಇಪ್ಪತ್ತೆರಡು ಅಕ್ಷರಗಳನ್ನು ಆಲೆಫ್‌ನಿಂದ ತಾವ್‌ವರೆಗೆ ವಾರಕ್ಕೊಂದರಂತೆ ಕಲಿಸುತ್ತಾ ಹೋದೆ. ಜನವರಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದಾಗ ಹೆಚ್ಚಿನ ಮಕ್ಕಳು ನಾಲ್ಕೈದು ಅಕ್ಷರಗಳನ್ನಷ್ಟೇ ಗುರುತಿಸಿದರು. ಹಬ್ಬದ ಪದಗಳನ್ನು ಮಾತ್ರ ಅವರು ಮರೆತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಕೇಳಿದ ಶೋಫಾರ್ ಎಂಬ ಟಗರಿನ ಕೊಂಬಿನ ಹೆಸರನ್ನೂ, ಸೇಬಿನೊಂದಿಗೆ ನೆಕ್ಕಿದ ಜೇನಿಗಿರುವ ದ್ವಾಶ್ ಎಂಬ ಹೆಸರನ್ನೂ ತಡವರಿಸದೆ ಹೇಳಿದರು. ಮಗುವಿನ ಕಿವಿಯಲ್ಲಿ, ನಾಲಿಗೆಯಲ್ಲಿ ಆಗಲೇ ನೆಲೆಯಾಗಿರುವ ಪದದಿಂದ ಅಕ್ಷರವನ್ನು ಬಿಡಿಸಿ ತೋರಿಸಬೇಕಲ್ಲದೆ, ಎಲ್ಲಿಗೂ ಸೇರದ ಅಕ್ಷರವನ್ನು ಮೊದಲು ಕೊಟ್ಟು ಆಮೇಲೆ ಪದ ಹುಡುಕಬಾರದು ಎಂಬುದು ನನಗೆ ಅಂದು ಮನದಟ್ಟಾಯಿತು.

ಮೂರನೆಯ ವರ್ಷದಿಂದ ಅಕ್ಷರಮಾಲೆಯ ಕ್ರಮವನ್ನು ಹಾಡಿಗೆ ಬಿಟ್ಟುಕೊಟ್ಟು, ಕಲಿಸುವ ಕ್ರಮವನ್ನು ಹಬ್ಬಗಳಿಂದ ತೆಗೆದುಕೊಂಡೆ. ಹೊಸ ವರ್ಷದ ರೋಶ್ ಹಶಾನಾದಲ್ಲಿ ಮೊದಲ ಅಕ್ಷರ ಶಿನ್. ಅದು ಶೋಫಾರ್ ಪದದ ಆರಂಭದಲ್ಲಿದೆ, ದ್ವಾಶ್ ಪದದ ಕೊನೆಯಲ್ಲಿದೆ. ದ್ವಾಶ್‌ನಿಂದ ದಾಲೆಟ್, ಸೇಬಿನ ಹೆಸರಾದ ತಪುಆಖ್‌ನಿಂದ ತಾವ್ ಬರುತ್ತವೆ. ಶಿನ್ ಮತ್ತು ತಾವ್ ನಡುವೆ ಬೆಟ್ ಅನ್ನು ಇಟ್ಟರೆ ವಾರದ ವಿಶ್ರಾಂತಿ ದಿನದ ಹೆಸರಾದ ಶಬ್ಬಾತ್ ಎಂಬ ಪದವೇ ಸಿದ್ಧವಾಗುವುದರಿಂದ, ಅಕ್ಟೋಬರ್ ಮುಗಿಯುವುದರೊಳಗೆ ಮಕ್ಕಳು ತಾವು ವಾರವಾರವೂ ಕೇಳುವ ಒಂದು ಪದವನ್ನು ಓದಬಲ್ಲವರಾಗುತ್ತಾರೆ. ಸುಕ್ಕೋತ್ ಹಬ್ಬದ ಚಪ್ಪರವಾದ ಸುಕ್ಕಾದಿಂದ ಸಾಮೆಖ್, ಖರ್ಜೂರದ ಮರದ ಗರಿಯಾದ ಲುಲಾವ್‌ನಿಂದ ಲಾಮೆದ್, ಮಾದಳಹಣ್ಣಿನಂತಿರುವ ಎತ್ರೋಗ್‌ನಿಂದ ಆಲೆಫ್. ಒಂದು ವರ್ಷದಲ್ಲಿ ನಾನು ಕಲಿಸುವುದು ಹದಿನೈದು ಅಕ್ಷರಗಳನ್ನು ಮಾತ್ರ. ಉಳಿದ ಏಳು ಮುಂದಿನ ತರಗತಿಗೆ ಮೀಸಲು. ಇಪ್ಪತ್ತೆರಡನ್ನೂ ಮುಗಿಸಿದೆನೆಂಬ ತೃಪ್ತಿಗಿಂತ ಹದಿನೈದು ನಿಂತವೆಂಬ ಖಾತರಿ ದೊಡ್ಡದೆಂದು ನಾನು ತಿಳಿದಿದ್ದೇನೆ.

ಜೇನಿನಿಂದಲೇ ಆರಂಭಿಸುವುದಕ್ಕೆ ಹಳೆಯ ಆಧಾರವೂ ಇದೆ. ಮಧ್ಯಯುಗದ ಜರ್ಮನಿ ಮತ್ತು ಫ್ರಾನ್ಸಿನ ಯಹೂದಿಗಳು ಐದಾರು ವರ್ಷದ ಮಗುವನ್ನು ತೋರಾ ಗ್ರಂಥ ದೊರೆತುದನ್ನು ನೆನೆಯುವ ಶಾವುಓತ್ ಹಬ್ಬದ ದಿನ ಗುರುವಿನ ಬಳಿಗೆ ಕರೆದೊಯ್ದು, ಅಕ್ಷರಗಳನ್ನು ಬರೆದ ಹಲಗೆಯ ಮೇಲೆ ಜೇನು ಸವರಿ ಅದನ್ನು ಮಗುವಿನಿಂದ ನೆಕ್ಕಿಸುತ್ತಿದ್ದರೆಂದು ವರ್ಮ್ಸ್ ನಗರದ ರಬ್ಬಿ (ಯಹೂದಿ ಧರ್ಮಗುರು) ಎಲಿಯಾಜರ್ ಬರೆದಿಟ್ಟಿದ್ದಾರೆ. ಇದನ್ನು ಮೊದಲು ಓದಿದಾಗ, ವಿಜಯದಶಮಿಯ ದಿನ ಅಜ್ಜ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹರಿವಾಣದ ಅಕ್ಕಿಯಲ್ಲಿ ನನ್ನ ಬೆರಳು ಹಿಡಿದು ಬರೆಸಿದ್ದು ಕಣ್ಣ ಮುಂದೆ ಬಂತು. ನಾನು ತರಗತಿಯಲ್ಲಿ ಪ್ರತಿ ಮಗುವಿನ ಮುಂದೆ ಒಂದು ಚಿಕ್ಕ ತಟ್ಟೆ ಇಟ್ಟು, ಜೇನಿನಿಂದ ಶಿನ್ ಅಕ್ಷರವನ್ನು ಬರೆದುಕೊಟ್ಟು, ಸೇಬಿನ ಹೋಳಿನಿಂದ ಅದರ ಮೂರು ಕೊಂಬೆಗಳನ್ನೂ ಬಲದಿಂದ ಎಡಕ್ಕೆ ತಿದ್ದಿಸಿ ತಿನ್ನಿಸುತ್ತೇನೆ. ಈ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆಂಬುದನ್ನು ಹತ್ತು ಸಲ ಬಾಯಲ್ಲಿ ಹೇಳುವ ಅಗತ್ಯ ಆಮೇಲೆ ಬೀಳುವುದಿಲ್ಲ.

ಒಂದನ್ನೊಂದು ಹೋಲುವ ಅಕ್ಷರಗಳನ್ನು ದೂರ ದೂರ ಇಡುವುದು ಈ ಕ್ರಮದ ಮುಖ್ಯ ಲಾಭ. ದಾಲೆಟ್ ಮತ್ತು ರೇಶ್ ನಡುವಣ ವ್ಯತ್ಯಾಸ ಮೂಲೆಯಲ್ಲಿರುವ ಒಂದು ಸಣ್ಣ ಚಾಚು ಮಾತ್ರ. ಯಹೂದಿಗಳ ಪವಿತ್ರ ಗ್ರಂಥವಾದ ತೋರಾದಲ್ಲಿ, ದೇವರು ಒಬ್ಬನೇ ಎಂದು ಸಾರುವ ಶೆಮಾ ವಾಕ್ಯದ ‘ಎಖಾದ್’ ಪದದ ದಾಲೆಟ್ ಅನ್ನು ಲಿಪಿಕಾರರು ದೊಡ್ಡದಾಗಿ ಬರೆಯುತ್ತಾರೆ; ಅದನ್ನು ರೇಶ್ ಎಂದು ಓದಿಬಿಟ್ಟರೆ ‘ಒಬ್ಬನೇ’ ಎಂಬುದು ‘ಬೇರೊಬ್ಬ’ ಎಂದಾಗುತ್ತದೆ ಎಂದು ಹಿರಿಯರು ಅದಕ್ಕೆ ಕಾರಣ ಹೇಳುತ್ತಾರೆ. ದೊಡ್ಡವರೇ ಇಷ್ಟು ಎಚ್ಚರ ವಹಿಸುವಾಗ ಐದು ವರ್ಷದವರಿಗೆ ಎರಡನ್ನೂ ಒಂದೇ ವಾರ ಕೊಡುವುದು ಸರಿಯಲ್ಲ. ನನ್ನ ತರಗತಿಯಲ್ಲಿ ದಾಲೆಟ್ ಸೆಪ್ಟೆಂಬರಿನಲ್ಲಿ ಬಂದರೆ ರೇಶ್ ಬರುವುದು ಪೂರಿಮ್ ಹಬ್ಬಕ್ಕೆ. ಆ ಹಬ್ಬದ ಕಥೆಯಲ್ಲಿ ಯಹೂದಿಗಳನ್ನು ಕೊಲ್ಲಿಸಲು ಹೊರಟ ದುಷ್ಟ ಹಾಮಾನನ ಹೆಸರು ಕೇಳಿಬಂದಾಗ ಅದನ್ನು ಸದ್ದಿನಲ್ಲಿ ಮುಳುಗಿಸಲು ಮಕ್ಕಳು ತಿರುಗಿಸುವ ರಅಶಾನ್ ಎಂಬ ಗಿರಕಿಯಿಂದ. ಗಿಮೆಲ್ ಮತ್ತು ನೂನ್ ಸಹ ಹೋಲುವ ಜೋಡಿಯೇ ಆದರೂ ಅವನ್ನು ಬೇರ್ಪಡಿಸುವ ಕೆಲಸವನ್ನು ದೀಪಗಳ ಹಬ್ಬವಾದ ಹನುಕ್ಕಾದ ಬುಗುರಿಯೇ ಮಾಡುತ್ತದೆ. ಬುಗುರಿಯ ನಾಲ್ಕು ಮುಖಗಳಲ್ಲಿ ನೂನ್ ಬಿದ್ದರೆ ಏನೂ ಸಿಗದು, ಗಿಮೆಲ್ ಬಿದ್ದರೆ ಪೂರ್ತಿ, ಹೇ ಬಿದ್ದರೆ ಅರ್ಧ, ಶಿನ್ ಬಿದ್ದರೆ ತನ್ನ ಕೈಯಿಂದಲೇ ಹಾಕಬೇಕು. ಮುಂದಿರುವ ಚಾಕೊಲೇಟ್ ನಾಣ್ಯಗಳೆಲ್ಲ ತನ್ನವೋ ಅಲ್ಲವೋ ಎಂದು ತೀರ್ಮಾನಿಸಬೇಕಾದ ಮಗು ಆ ಎರಡು ಅಕ್ಷರಗಳನ್ನು ನೋಡುವಷ್ಟು ಎಚ್ಚರದಿಂದ ಯಾವ ಹಾಳೆಯನ್ನೂ ನೋಡುವುದಿಲ್ಲ.

ಸ್ವರಗಳ ವಿಷಯದಲ್ಲಿ ನನ್ನ ನೆರವಿಗೆ ಬಂದದ್ದು ಕಾಗುಣಿತ. ಹೀಬ್ರೂವಿನ ಇಪ್ಪತ್ತೆರಡೂ ವ್ಯಂಜನಗಳೇ. ಸ್ವರಗಳನ್ನು ನಿಕ್ಕುದ್ ಎಂಬ ಚುಕ್ಕಿ ಮತ್ತು ಗೆರೆಗಳಿಂದ, ಹೆಚ್ಚಾಗಿ ಅಕ್ಷರದ ಕೆಳಗೆ ಗುರುತಿಸುತ್ತಾರೆ. ನಾನು ಕಲಿಯುವಾಗ ಎಡವಿದ್ದೂ ಇಲ್ಲಿಯೇ. ಕನ್ನಡದ ಅಭ್ಯಾಸದಿಂದ, ಚಿಹ್ನೆಯಿಲ್ಲದ ಬೆಟ್ ಕಂಡರೆ ‘ಬ’ ಎಂದೇ ಓದುತ್ತಿದ್ದೆ. ನಮ್ಮ ಅಕ್ಷರದೊಳಗೆ ಅಕಾರ ಸೇರಿಕೊಂಡಿರುವಂತೆ ಹೀಬ್ರೂ ಅಕ್ಷರದೊಳಗೆ ಇರುವುದಿಲ್ಲವೆಂಬುದು ರೂಢಿಯಾಗಲು ತಿಂಗಳುಗಳೇ ಹಿಡಿದವು. ಆದರೂ ಇಂದಿನ ಉಚ್ಚಾರಣೆಯಲ್ಲಿ ಮುಖ್ಯವಾಗಿ ಐದೇ ಸ್ವರಗಳಿರುವುದರಿಂದ, ಮೈಸೂರಿನ ಶಾಲೆಯಲ್ಲಿ ಮೇಷ್ಟರು ನಮ್ಮಿಂದ ರಾಗವಾಗಿ ಹೇಳಿಸುತ್ತಿದ್ದಂತೆಯೇ ನಾನೂ ಕಲಿತ ಒಂದೊಂದು ಅಕ್ಷರವನ್ನೂ ಮ, ಮೆ, ಮಿ, ಮೊ, ಮು ಎಂದು ಸಾಲಾಗಿ ಹಾಡಿಸುತ್ತೇನೆ. ಪ್ರತಿ ತರಗತಿಯ ಮೊದಲ ಐದು ನಿಮಿಷ ಇದಕ್ಕೇ ಮೀಸಲು, ಅದಕ್ಕಿಂತ ಹೆಚ್ಚು ಬೇಡ. ಗಂಟಲಿನಿಂದ ಬರುವ ‘ಖ’ ಮಾತ್ರ ಇಂದಿಗೂ ಕಷ್ಟದ್ದೇ. ಅದು ಖಡ್ಗದ ಖ ಅಲ್ಲ, ಹಕಾರವೂ ಅಲ್ಲ. ನನ್ನ ಅತ್ತೆಯವರು ಪಕ್ಕದಲ್ಲಿ ಕುಳಿತು ತಿದ್ದಿದ ಮೇಲೆಯೇ ನನಗೂ ಅದು ಒಲಿಯಿತು. ಮಕ್ಕಳನ್ನು ಅದಕ್ಕಾಗಿ ನಾನು ಕಾಡಿಸುವುದಿಲ್ಲ. ಹಾಡುಗಳಲ್ಲಿ ಕೇಳಿ ಕೇಳಿ ಅವರಿಗೇ ಬರಲೆಂದು ಬಿಡುತ್ತೇನೆ.

ಹೀಬ್ರೂ ಓದುವ ಲಿಪಿ ಮಾತ್ರವಲ್ಲ, ಆಡುವ ಮಾತು ಎಂಬುದೂ ಅವರಿಗೆ ತಿಳಿಯಬೇಕು. ಅದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ವಿಧಾನವನ್ನು ಬಳಸುತ್ತೇನೆ. ಕಲಿಯುವವರು ಮೊದಲು ಮಾತನಾಡಬೇಕಿಲ್ಲ. ಕೇಳಿದ ಆಜ್ಞೆಯನ್ನು ದೇಹದಿಂದ ಪಾಲಿಸಿದರೆ ಸಾಕು. ‘ಲಾಕುಮ್’ ಎಂದರೆ ಏಳುತ್ತಾರೆ, ‘ಲಾಶೆವೆತ್’ ಎಂದರೆ ಕೂರುತ್ತಾರೆ, ‘ಲಾಲೆಖೆತ್’ ಎಂದರೆ ನಡೆಯುತ್ತಾರೆ. ಸುಕ್ಕೋತ್ ಬಂದಾಗ ಸುಕ್ಕಾದ ಬಳಿಗೆ ನಡೆಯಲು, ಹನುಕ್ಕಾದಲ್ಲಿ ಬುಗುರಿಯಂತೆ ತಿರುಗಲು ಹೇಳಿದರೆ ಹಬ್ಬದ ಪದಗಳೂ ಇದರೊಳಗೆ ಸೇರಿಕೊಳ್ಳುತ್ತವೆ.

ಹಬ್ಬಗಳ ಕಾಲಗಣನೆಯನ್ನು ವಿವರಿಸುವುದು ನನಗೆ ಸುಲಭವಾದದ್ದು ಪಂಚಾಂಗವಿರುವ ಮನೆಯಲ್ಲಿ ಬೆಳೆದುದರಿಂದ. ಯಹೂದಿ ತಿಂಗಳು ಅಮಾವಾಸ್ಯೆಯ ನಂತರ ಕಾಣುವ ಎಳೆಯ ಚಂದ್ರನಿಂದ ಆರಂಭವಾಗುತ್ತದೆ. ಸುಕ್ಕೋತ್, ಪೂರಿಮ್, ಪೆಸಾಖ್ ಮೂರೂ ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತವೆ, ಹನುಕ್ಕಾದ ಎಂಟು ರಾತ್ರಿಗಳು ಅಮಾವಾಸ್ಯೆಯನ್ನು ಹಾದುಹೋಗುತ್ತವೆ. ಸೌರವರ್ಷದೊಂದಿಗೆ ಹೊಂದಿಸಲು ನಮ್ಮಲ್ಲಿ ಅಧಿಕಮಾಸ ಬರುವಂತೆ ಅಲ್ಲಿಯೂ ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಅಧಿಕ ತಿಂಗಳು ಬರುತ್ತದೆ, ಆದರೆ ಅದು ಯಾವಾಗಲೂ ಅದಾರ್ ತಿಂಗಳೇ. 2023ರಲ್ಲಿ ಮೈಸೂರಿನಿಂದ ಅಮ್ಮ ಅಧಿಕ ಶ್ರಾವಣದ ಬಗ್ಗೆ ಹೇಳಿದ ಕೆಲವೇ ತಿಂಗಳಲ್ಲಿ ನಾನು ಮಕ್ಕಳಿಗೆ 2024ರ ಎರಡನೆಯ ಅದಾರ್ ಬಗ್ಗೆ ಹೇಳುತ್ತಿದ್ದೆ. ಗೋಡೆಯ ಮೇಲೆ ಚಂದ್ರನ ಚಿತ್ರಗಳ ಪಟ್ಟಿಯೊಂದನ್ನು ತೂಗುಹಾಕಿ, ಹಿಂದಿನ ರಾತ್ರಿ ಕಿಟಕಿಯಿಂದ ಕಂಡ ಚಂದ್ರನನ್ನು ಪ್ರತಿ ಭಾನುವಾರ ಒಬ್ಬ ಮಗುವಿನಿಂದ ಗುರುತು ಹಾಕಿಸುತ್ತೇನೆ. ಶಾಲೆ ತೆರೆದ ಮೊದಲ ತಿಂಗಳಲ್ಲೇ ಇಪ್ಪತ್ತೆರಡು ದಿನಗಳೊಳಗೆ ನಾಲ್ಕು ದೊಡ್ಡ ಹಬ್ಬಗಳು ಬರುವುದರಿಂದ ಎಲ್ಲವನ್ನೂ ಸಮವಾಗಿ ಕಲಿಸಲು ಆಗುವುದಿಲ್ಲ. ಕೈಗೆ ಸಿಗುವ ವಸ್ತುಗಳಿರುವ ರೋಶ್ ಹಶಾನಾ ಮತ್ತು ಸುಕ್ಕೋತ್‌ಗೆ ಸಮಯ ಕೊಟ್ಟು, ಉಪವಾಸದ ಯೋಮ್ ಕಿಪ್ಪುರ್ ಬಗ್ಗೆ, ನಾವು ನೋಯಿಸಿದವರ ಬಳಿಗೆ ಹೋಗಿ ಕ್ಷಮೆ ಕೇಳುವ ದಿನವೆಂದಷ್ಟೇ ಹೇಳಿ ಮುಂದೆ ಸಾಗುತ್ತೇನೆ.

ನನಗೆ ಅತ್ಯಂತ ಪ್ರಿಯವಾದ ತರಗತಿ ಮರಗಳ ಹೊಸ ವರ್ಷವಾದ ತು ಬಿಶ್ವಾತ್‌ನದು. ಆ ದಿನ ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳ ಮಲಿದಾ ಮಾಡುತ್ತೇನೆ: ನೆನೆಸಿದ ಅವಲಕ್ಕಿ, ತೆಂಗಿನತುರಿ, ಬೆಲ್ಲ, ಏಲಕ್ಕಿ, ಸುತ್ತಲೂ ಹಣ್ಣುಗಳು. ನಮ್ಮ ಶಾಲೆಯಲ್ಲಿ ಬಾದಾಮಿ, ಗೋಡಂಬಿಗಳಿಗೆ ಅಲರ್ಜಿಯ ಕಾರಣದಿಂದ ಅವಕಾಶವಿಲ್ಲದ್ದರಿಂದ ಅವನ್ನು ಬಿಡುತ್ತೇನೆ. ತಿನ್ನುವ ಮೊದಲು ಹೇಳುವ ಆಶೀರ್ವಚನಗಳೆಲ್ಲ ಒಂದೇ ಆರು ಪದಗಳಿಂದ, ‘ಬಾರುಖ್ ಅತಾ’ ಎಂದು ಆರಂಭವಾಗುತ್ತವೆ. ಆ ಆರು ಪದಗಳನ್ನು ವರ್ಷದ ಮೊದಲಲ್ಲೇ ಬಾಯಿಪಾಠ ಮಾಡಿಸಿರುವುದರಿಂದ ಈಗ ಕಲಿಯಬೇಕಾದದ್ದು ಬಾಲ ಮಾತ್ರ: ಮರದ ಹಣ್ಣಿಗೆ ‘ಬೋರೇ ಪ್ರಿ ಹಾಏತ್ಸ್’, ನೆಲದ ಬೆಳೆಗೆ ‘ಬೋರೇ ಪ್ರಿ ಹಾಅದಾಮಾ’. ಖರ್ಜೂರಕ್ಕೆ ಮೊದಲನೆಯದು, ಬಾಳೆಹಣ್ಣಿಗೆ ಎರಡನೆಯದು ಎಂದಾಗ ಮಕ್ಕಳು ತಪ್ಪದೆ ವಿರೋಧಿಸುತ್ತಾರೆ. ಚಿತ್ರಪುಸ್ತಕಗಳಲ್ಲಿ ಅವರು ಕಂಡಿರುವುದು ಬಾಳೆಯ ‘ಮರ’. ಆಗ ನಮ್ಮ ಹಿತ್ತಿಲಿನ ಮಾತು ಹೇಳುತ್ತೇನೆ. ಬಾಳೆಗೆ ಕಟ್ಟಿಗೆಯ ಕಾಂಡವಿಲ್ಲ, ಇರುವುದು ಒಂದರೊಳಗೊಂದು ಸುತ್ತಿಕೊಂಡ ಸೋಗೆ ಮಾತ್ರ. ಒಂದು ಗೊನೆ ಬಿಟ್ಟ ಮೇಲೆ ಅಪ್ಪ ಅದನ್ನು ಕಡಿಯುತ್ತಿದ್ದರು, ಪಕ್ಕದಲ್ಲೇ ಕಂದು ಮೇಲೇಳುತ್ತಿತ್ತು. ವರ್ಷ ವರ್ಷವೂ ಅದೇ ಕೊಂಬೆಯಲ್ಲಿ ಹಣ್ಣು ಬಿಡುವುದು ಮರ, ಬಾಳೆ ಹಾಗಲ್ಲವೆಂದು ರಬ್ಬಿಗಳು ಮಾಡಿದ ತೀರ್ಮಾನವನ್ನು ನಾನು ಗ್ರಂಥದಿಂದ ಕಲಿಯುವ ಮುನ್ನವೇ ಹಿತ್ತಿಲಿನಲ್ಲಿ ಕಣ್ಣಾರೆ ಕಂಡಿದ್ದೆ. ಮರ ಎಂಬರ್ಥದ ‘ಏತ್ಸ್’ನಿಂದ ಆಯಿನ್ ಅಕ್ಷರವೂ, ಹಣ್ಣು ಎಂಬರ್ಥದ ‘ಪ್ರಿ’ಯಿಂದ ಪೇ ಅಕ್ಷರವೂ ಅಂದು ದೊರಕುತ್ತವೆ.

ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದುದನ್ನು ನೆನೆಯುವ ಪೆಸಾಖ್ ಹಬ್ಬದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಒಂದು ವರ್ಷ ಈಜಿಪ್ಟಿನ ಮೇಲೆ ಬಂದ ಹತ್ತು ಪಿಡುಗುಗಳನ್ನು ಒಂದನ್ನೂ ಬಿಡದೆ ವಿವರಿಸಿದೆ. ಚೊಚ್ಚಲ ಮಕ್ಕಳ ಸಾವಿನ ಮಾತು ಬಂದಾಗ ಒಬ್ಬ ಹುಡುಗ, “ಮೋರಾ, ನಾನೂ ನಮ್ಮ ಮನೆಯಲ್ಲಿ ಮೊದಲನೆಯವನೇ” ಎಂದು ಅಳತೊಡಗಿದ. ಅವನ ತಾಯಿ ಬಂದು ಕರೆದೊಯ್ಯುವವರೆಗೂ ಅವನನ್ನು ಸಮಾಧಾನಪಡಿಸಲು ನನ್ನಿಂದ ಆಗಲಿಲ್ಲ. ಮರುವರ್ಷದಿಂದ ಕಥೆಯನ್ನು ಬೇರೆ ಕಡೆಯಿಂದ ಹೇಳುತ್ತಿದ್ದೇನೆ. ರಾಜನ ಆಜ್ಞೆಯನ್ನು ಧಿಕ್ಕರಿಸಿ ಕೂಸುಗಳನ್ನು ಉಳಿಸಿದ ಶಿಫ್ರಾ ಮತ್ತು ಪೂಆ ಎಂಬ ಸೂಲಗಿತ್ತಿಯರು, ಬುಟ್ಟಿಯಲ್ಲಿ ತೇಲುವ ತಮ್ಮನನ್ನು ದಡದಿಂದ ಕಾಯುತ್ತಿದ್ದ ಅಕ್ಕ, ಎರಡಾಗಿ ಸೀಳಿದ ಸಮುದ್ರ, ಇಷ್ಟು ಸಾಕು. ಹತ್ತನೆಯ ಪಿಡುಗಿನ ಮಾತನ್ನು ತಮ್ಮ ಮಗುವಿಗೆ ಯಾವಾಗ, ಹೇಗೆ ಹೇಳಬೇಕೆಂಬುದನ್ನು ಹೆತ್ತವರಿಗೇ ಬಿಡುತ್ತೇನೆಂದು ಅವರಿಗೆ ಮುಂಚಿತವಾಗಿ ಪತ್ರ ಬರೆಯುತ್ತೇನೆ. ಪೆಸಾಖ್ ರಾತ್ರಿಯ ವಿಧಿಪೂರ್ವಕ ಊಟವಾದ ಸೆದೆರ್‌ನ ಮೇಜಿನಲ್ಲಿ ‘ಮಾ ನಿಶ್ತಾನಾ’ ಎಂಬ ನಾಲ್ಕು ಪ್ರಶ್ನೆಗಳನ್ನು ಹಾಡುವ ಹಕ್ಕು ಮನೆಯ ಅತಿ ಕಿರಿಯ ಮಗುವಿನದು, ಅಂದರೆ ನನ್ನ ವಿದ್ಯಾರ್ಥಿಗಳದೇ. ಪೂರಿಮ್‌ಗೂ ಪೆಸಾಖ್‌ಗೂ ನಡುವೆ ಒಂದು ತಿಂಗಳಿರುವುದರಿಂದ ವಾರಕ್ಕೊಂದು ಪ್ರಶ್ನೆಯಂತೆ ನಾಲ್ಕು ಭಾನುವಾರ ಕಲಿಸಿ, ನನ್ನ ಧ್ವನಿಯಲ್ಲಿ ಮುದ್ರಿಸಿ ಮನೆಗೆ ಕಳುಹಿಸುತ್ತೇನೆ.

ವರ್ಷದ ಕೊನೆಯ ತರಗತಿಯಲ್ಲಿ ರಬ್ಬಿಯವರು ಮಕ್ಕಳಿಗಾಗಿ ತೋರಾ ಸುರುಳಿಯನ್ನು ಶೆಮಾ ಇರುವ ಭಾಗಕ್ಕೆ ಬಿಚ್ಚಿಡುತ್ತಾರೆ. ಚರ್ಮದ ಹಾಳೆಯನ್ನು ಬರಿಗೈಯಿಂದ ಮುಟ್ಟಬಾರದಾದ್ದರಿಂದ, ಪುಟ್ಟ ಕೈಯ ಆಕಾರದ ಬೆಳ್ಳಿಯ ಕಡ್ಡಿಯನ್ನು ಒಬ್ಬೊಬ್ಬರಿಗೂ ಕೊಟ್ಟು, ತಮಗೆ ಗೊತ್ತಿರುವ ಒಂದು ಅಕ್ಷರವನ್ನು ತೋರಿಸಲು ಹೇಳುತ್ತೇವೆ. ಸುರುಳಿಯಲ್ಲಿ ನಿಕ್ಕುದ್ ಇರುವುದಿಲ್ಲ. ಕಳೆದ ಮೇ ತಿಂಗಳಲ್ಲಿ ಒಬ್ಬ ಹುಡುಗಿ ತುಂಬ ಹೊತ್ತು ನೋಡಿ, “ಮೋರಾ, ಚುಕ್ಕಿಗಳೆಲ್ಲ ಎಲ್ಲಿ ಹೋದವು?” ಎಂದು ಕೇಳಿದಳು. ಓದುವವರು ಅವನ್ನು ಮನೆಯಲ್ಲಿಯೇ ಕಲಿತು ಬಂದಿರುತ್ತಾರೆ ಎಂದೆ. ಅವಳು ತಲೆಯಾಡಿಸಿ, ಎಖಾದ್ ಪದದ ಆ ದೊಡ್ಡ ದಾಲೆಟ್ ಮೇಲೆ ಕಡ್ಡಿಯನ್ನು ನಿಲ್ಲಿಸಿ, “ದ್ವಾಶ್” ಎಂದಳು.