ಮೂರನೇ ಸಾಲು

ನಾನು ದಿನಚರಿ ಬರೆಯಲು ಶುರುಮಾಡಿದ್ದು ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೆದರಿ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಮೂರು ಎಕರೆ ಅಡಿಕೆ ತೋಟ. ಮುಂಗಾರು ಹಿಡಿಯುವ ಮೊದಲೇ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದಾಗಿ 40–45 ದಿನಕ್ಕೆ ಎರಡನೇ ಸಲ. ಒಂದು ವರ್ಷ ಮೊದಲ ಔಷಧಿ ಯಾವತ್ತು ಹೊಡೆದಿದ್ದು ಅನ್ನುವುದೇ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ರೋಹಿಣಿ ಮಳೆ ಮುಗಿಯುವಾಗ ಅಂತ ಅಪ್ಪಯ್ಯ ಅಂದರು. ಇಲ್ಲ, ಮೃಗಶಿರ ಅರ್ಧ ಆಗಿತ್ತು ಅಂತ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಅಂದ. ನಾನು ಕೊನೆಗಾರನ ಮಾತು ನಂಬಿದೆ. ಇನ್ನೂ ದಿನ ಇದೆಯಲ್ಲ ಅಂತ ಸುಮ್ಮನಿದ್ದೆ. ಅಷ್ಟರಲ್ಲಿ ಪುಷ್ಯ ಮಳೆ ಬಿಡದೆ ಹಿಡಿಯಿತು. ಮರ ಹತ್ತುವಂತಿರಲಿಲ್ಲ. ಹೊಳವಾಗುವಷ್ಟರಲ್ಲಿ ಕೆಳಗಿನ ತೋಟದ ತುಂಬ ಕೊಳೆತ ಕಾಯಿ ಉದುರಿ ಹಾಸಿತ್ತು.

ಯಾರೂ ಸುಳ್ಳು ಹೇಳಿರಲಿಲ್ಲ. ನೆನಪೇ ಹಾಗೆ, ಅಲ್ವಾ?

ಮಗಳ ಶಾಲೆಯ ನೋಟ್‌ಬುಕ್ಕೊಂದು ಅರ್ಧ ಖಾಲಿ ಉಳಿದಿತ್ತು. ಅದರಲ್ಲಿ ಶುರುಮಾಡಿದೆ. ಮೊದಲು ದಿನಕ್ಕೊಂದು ಪುಟ ಬರೆಯಲು ಹೋಗಿ ಹನ್ನೊಂದೇ ದಿನಕ್ಕೆ ನಿಲ್ಲಿಸಿಬಿಟ್ಟೆ. ಆಮೇಲೆ ಎರಡೇ ಸಾಲು ಅಂತ ಗಟ್ಟಿ ಮಾಡಿಕೊಂಡೆ. ಒಂದು ಮಳೆಗೆ, ಒಂದು ಕೆಲಸಕ್ಕೆ. ಮಳೆ ಅಳೆಯಲು ಬಾಯಿ, ತಳ ಒಂದೇ ಅಗಲ ಇರುವ ಡಬ್ಬ ಸಾಕು. ಬಯಲಲ್ಲಿ ಇಟ್ಟು, ನಿಂತ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ನೋಡಿದರೆ ಅಷ್ಟು ಮಿಲಿಮೀಟರ್ ಮಳೆ. ಬೆಳಿಗ್ಗೆ 8:30ಕ್ಕೆ ನೋಡುತ್ತೇನೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ.

ಮೂರನೇ ಸಾಲು ತಾನಾಗಿಯೇ ಬಂತು. ಮಳೆ, ಕೆಲಸ ಬರೆದ ಮೇಲೂ ಪೆನ್ಸಿಲ್ ಕೈಯಲ್ಲೇ ಇರುತ್ತಿತ್ತು. ಅವತ್ತು ಕಣ್ಣಿಗೆ ಬಿದ್ದದ್ದು ಏನಾದರೂ ಬರೆಯುತ್ತಿದ್ದೆ. ‘ಅಮ್ಮ ಜೀರಿಗೆ ಅಪ್ಪೆಮಿಡಿ ಉಪ್ಪಿಗೆ ಹಾಕಿದಳು.’ ‘ಹೊಳೆಯಾಚೆಯ ಮರ ಈ ಸಲ ಮಿಡಿ ಬಿಟ್ಟಿಲ್ಲ.’

ಒಂದು ಜುಲೈ ತಿಂಗಳ ಪುಟ ಹೀಗಿದೆ: ‘ಮಳೆ 84 ಮಿಮೀ. ಬಸಿಗಾಲುವೆ ಬಿಡಿಸಿದ್ದು. ಅಪ್ಪಯ್ಯ ತೋಟಕ್ಕೆ ಇಳಿಯಲಿಲ್ಲ, ಮೆಟ್ಟಿಲ ಮೇಲೇ ನಿಂತು ನೋಡಿದರು.’

ಬರೆಯುವಾಗ ಏನೂ ಅನಿಸಿರಲಿಲ್ಲ. ಅಪ್ಪಯ್ಯ ಹೋದ ಮೇಲೆ ಔಷಧಿ ಹೊಡೆದ ದಿನ ಹುಡುಕಲು ಹಳೆ ಪುಸ್ತಕ ತಿರುವುತ್ತಿದ್ದೆ. ಆ ಸಾಲು ಸಿಕ್ಕಿತು. ಅಲ್ಲಿಂದ ಮುಂದೆ ಅವರು ತೋಟಕ್ಕೆ ಇಳಿದ ಒಂದು ದಿನವೂ ಪುಸ್ತಕದಲ್ಲಿಲ್ಲ. ಉಸಿರು ಕಟ್ಟುತ್ತದೆ ಅಂತ ಅವರು ಬಾಯಿಬಿಟ್ಟು ಹೇಳಿದ್ದು ದೀಪಾವಳಿ ಹೊತ್ತಿಗೆ. ನಾಲ್ಕು ತಿಂಗಳು ಮೊದಲೇ ನಾನು ಅದನ್ನು ನೋಡಿದ್ದೆ, ಬರೆದೂ ಇದ್ದೆ. ವಾರಕ್ಕೊಮ್ಮೆ ಹಿಂದಿನ ಪುಟ ಓದುವ ಅಭ್ಯಾಸ ಮಾಡಿಕೊಂಡಿದ್ದು ಆಮೇಲೆ. ಈಗ ಭಾನುವಾರ ಅಮ್ಮನ ಪಕ್ಕ ಕೂತು ಓದುತ್ತೇನೆ. ತಪ್ಪಿದ್ದರೆ ಅವಳು ತಿದ್ದುತ್ತಾಳೆ.

ಮಳೆಗಾಲದಲ್ಲಿ ಇಂಕ್ ಪೆನ್ನು ಮಾತ್ರ ಬೇಡ, ಒಂದು ಹನಿ ಬಿದ್ದರೂ ಕದಡುತ್ತದೆ. ಬೂಸಲಿನ ಕಾಟವೂ ಜಾಸ್ತಿ. ಬರೆದು ಮುಗಿದ ಏಳು ಪುಸ್ತಕಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ. ಹಾಳೆಗೆಲ್ಲ ಹೊಗೆ ವಾಸನೆ ಹಿಡಿದಿದೆ. ಪೆನ್ಸಿಲ್ ಅಕ್ಷರ ಹಾಗೇ ಇದೆ.