ಹೈವೇ ಪೆಗ್: ಕಾಲಿನ ಅಳತೆಗೆ ಕೂರಿಸುವ ಕ್ರಮ

ಬೆಂಗಳೂರಿನಿಂದ ಬೆಳಗಾವಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕಿನ ಮೇಲೆ ಹೊರಟವರಿಗೆ ಶಿರಾ ದಾಟುವವರೆಗೂ ಮೊಣಕಾಲಿನ ನೆನಪೇ ಬರುವುದಿಲ್ಲ. ಹಿರಿಯೂರಿನ ಹೊತ್ತಿಗೆ, ಅಂದರೆ ಸುಮಾರು 160 ಕಿಲೋಮೀಟರ್ ಆದ ಮೇಲೆ, ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಮಡಚಿಕೊಂಡಿದ್ದ ಕಾಲು ಜೋಮು ಹಿಡಿಯತೊಡಗುತ್ತದೆ. ಈ ತೊಂದರೆಗೆಂದೇ ಎಂಜಿನ್ನಿನ ಮುಂದಿರುವ ಲೆಗ್ ಗಾರ್ಡಿನ ಕೊಳವೆಗೆ ಬಿಗಿಯುವ ಇನ್ನೊಂದು ಜೋಡಿ ಫುಟ್‌ರೆಸ್ಟಿಗೆ ಹೈವೇ ಪೆಗ್ ಎನ್ನುತ್ತಾರೆ. ನೇರವಾದ ರಸ್ತೆಯಲ್ಲಿ ಐದು ಹತ್ತು ನಿಮಿಷ ಕಾಲು ಚಾಚಿ, ಮತ್ತೆ ಮೂಲ ಫುಟ್‌ರೆಸ್ಟಿಗೆ ಮರಳುವುದು ಅದರ ಬಳಕೆ. ಅದನ್ನು ಕೂರಿಸಲು ಅರ್ಧ ಗಂಟೆಯ ಕೆಲಸ ಸಾಕು, ಆದರೆ ಸರಿಯಾದ ಜಾಗ ಹುಡುಕಲು ಅದಕ್ಕಿಂತ ಹೆಚ್ಚು ಸಮಯ ಬೇಕು. ಅಂಗಡಿಯವರು ಕೊಳವೆಯಲ್ಲಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಬಿಗಿದು ಕಳುಹಿಸಿದ ಪೆಗ್ಗುಗಳು ಸವಾರನ ಕಾಲಿಗೆ ಹೊಂದುವುದು ಅಪರೂಪ.

ಇಲ್ಲಿ ಉದಾಹರಣೆಗೆ ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350 ಬೈಕನ್ನು ಇಟ್ಟುಕೊಂಡಿದ್ದೇನೆ. ಇದರ ಮೂಲ ಫುಟ್‌ರೆಸ್ಟುಗಳೇ ತುಸು ಮುಂದಕ್ಕಿರುವುದರಿಂದ ಪೆಗ್ಗಿಗಾಗಿ ಕಾಲನ್ನು ಬಹಳ ದೂರ ಚಾಚಬೇಕಾಗುವುದಿಲ್ಲ. ಕ್ಲಾಸಿಕ್ 350ರಂಥ ಬೈಕಿನಲ್ಲಿ ಈ ಅಂತರ ಹೆಚ್ಚು, ಹಾಗಾಗಿ ಅಲ್ಲಿ ಅಳತೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು.

ಪೆಗ್ ಕೊಳ್ಳುವ ಮೊದಲು ಲೆಗ್ ಗಾರ್ಡಿನ ಕೊಳವೆಯ ವ್ಯಾಸವನ್ನು ತಿಳಿದುಕೊಳ್ಳಬೇಕು. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಕೊಳವೆಗೆ ಒಂದು ದಾರವನ್ನು ಬಿಗಿಯಾಗಿ ಒಂದು ಸುತ್ತು ಸುತ್ತಿ, ಆ ಉದ್ದವನ್ನು ಅಳೆದು 3.14ರಿಂದ ಭಾಗಿಸಿದರೆ ಸಾಕು. ದಾರ 80 ಮಿಲಿಮೀಟರ್ ಬಂದರೆ ಕೊಳವೆ ಒಂದು ಇಂಚಿನದು, 100 ಮಿಲಿಮೀಟರ್ ಬಂದರೆ ಒಂದೂಕಾಲು ಇಂಚಿನದು. ಕ್ಲ್ಯಾಂಪು ಅದೇ ಅಳತೆಯದಾಗಿರಲಿ. ದೊಡ್ಡ ಕ್ಲ್ಯಾಂಪನ್ನು ತಂದು ಒಳಗೆ ದಪ್ಪ ರಬ್ಬರ್ ತುರುಕಿ ಸರಿಮಾಡಿಕೊಳ್ಳುವ ರೂಢಿ ನಮ್ಮಲ್ಲಿದೆ, ಅದು ಸರಿಯಲ್ಲ. ಬಿಸಿಲಿಗೆ, ಒತ್ತಡಕ್ಕೆ ರಬ್ಬರ್ ತೆಳುವಾದಂತೆ ಬೋಲ್ಟಿನ ಬಿಗಿ ತಾನಾಗಿಯೇ ಸಡಿಲಗೊಳ್ಳುತ್ತದೆ. ಬಣ್ಣ ಉಳಿಸಲು ಹಳೆಯ ಸೈಕಲ್ ಟ್ಯೂಬಿನ ಒಂದು ತೆಳು ಪದರ ಹಾಕಿದರೆ ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚು ಬೇಡ.

ಕೊಳ್ಳುವಾಗ ನೋಡಬೇಕಾದ ಇನ್ನೊಂದು ಗುಣವೆಂದರೆ ಪೆಗ್ ಮಡಚಿಕೊಳ್ಳುತ್ತದೆಯೇ ಎಂಬುದು. ಬೈಕು ತಿರುವಿನಲ್ಲಿ ವಾಲಿದಾಗ ಪೆಗ್ಗಿನ ತುದಿ ನೆಲಕ್ಕೆ ತಗುಲಿದರೆ, ಮಡಚುವ ಪೆಗ್ ಮೇಲಕ್ಕೂ ಹಿಂದಕ್ಕೂ ಸರಿದು ದಾರಿ ಬಿಡುತ್ತದೆ, ಮಡಚದ ಪೆಗ್ ನೆಲಕ್ಕೆ ಊರಿ ಚಕ್ರವನ್ನೇ ಮೇಲೆತ್ತಬಹುದು. ಗಟ್ಟಿಯಾಗಿ ನಿಂತ ಪೆಗ್ಗನ್ನು ನಾನಂತೂ ಯಾರಿಗೂ ಶಿಫಾರಸು ಮಾಡುವುದಿಲ್ಲ.

ಇನ್ನು ಜಾಗದ ಆಯ್ಕೆ. ಪಾನಾ ಕೈಗೆತ್ತಿಕೊಳ್ಳುವ ಮೊದಲು ಸವಾರಿಯ ಬೂಟು, ಪ್ಯಾಂಟು ಧರಿಸಿ ಬೈಕಿನ ಮೇಲೆ ಕುಳಿತುಕೊಳ್ಳಿ, ಏಕೆಂದರೆ ಚಪ್ಪಲಿಯಲ್ಲಿ ತೆಗೆದ ಅಳತೆ ದಪ್ಪ ಅಡಿಯ ಬೂಟಿಗೆ ಹೊಂದುವುದಿಲ್ಲ. ಒಬ್ಬರು ಬೈಕನ್ನು ನೇರವಾಗಿ ಹಿಡಿದಿರಲಿ. ಬೆನ್ನನ್ನು ಎಂದಿನಂತೆ ಇಟ್ಟುಕೊಂಡು, ಕೈಗಳು ಹ್ಯಾಂಡಲಿನ ಮೇಲಿರುವಾಗ, ಒಂದೊಂದೇ ಕಾಲನ್ನು ಗಾರ್ಡಿನ ಕಡೆಗೆ ಚಾಚಿ. ಮೊಣಕಾಲು ಪೂರ್ತಿ ನೇರವಾಗದೆ ತುಸು ಬಾಗಿದ್ದಾಗ ಹಿಮ್ಮಡಿಯ ಮುಂಭಾಗ ಕೊಳವೆಯನ್ನು ಎಲ್ಲಿ ಮುಟ್ಟುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿಸಿ. ಕಾಲು ಕಡ್ಡಿಯಂತೆ ನೇರವಾದರೆ ರಸ್ತೆಯ ಪ್ರತಿಯೊಂದು ಏಟೂ ನೇರವಾಗಿ ಸೊಂಟಕ್ಕೆ ಬಡಿಯುತ್ತದೆ. ಪೆಗ್ ತೀರಾ ಮೇಲಿದ್ದರೆ ಸವಾರ ಸೀಟಿನಲ್ಲಿ ಹಿಂದಕ್ಕೆ ಜಾರಿ ಬಾಲಮೂಳೆಯ ಮೇಲೆ ಭಾರ ಹಾಕತೊಡಗುತ್ತಾನೆ, ಆಗ ಮೊಣಕಾಲಿನ ನೋವು ಹೋಗಿ ಬೆನ್ನಿನ ನೋವು ಬಂದಂತಾಗುತ್ತದೆ.

ಗುರುತು ಸಿಕ್ಕ ಮೇಲೆ ನೆಲದ ಅಂತರವನ್ನು ಲೆಕ್ಕ ಹಾಕಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ, ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದೂ ಇದೇ. ಬೈಕು ವಾಲಿದಾಗ ಮೊದಲು ನೆಲ ಮುಟ್ಟಬೇಕಾದದ್ದು ಮೂಲ ಫುಟ್‌ರೆಸ್ಟ್. ಅದರ ಕೆರೆತ ಸವಾರನಿಗೆ ಸಿಗುವ ಮುನ್ನೆಚ್ಚರಿಕೆ. ಹೈವೇ ಪೆಗ್ ಅದಕ್ಕಿಂತ ಮೊದಲೇ ಮುಟ್ಟುವಂತಿದ್ದರೆ ಆ ಎಚ್ಚರಿಕೆ ತಪ್ಪಿಹೋಗುತ್ತದೆ. ಸವಾರ ಕುಳಿತಿದ್ದು ಬೈಕು ನೇರವಾಗಿರುವಾಗ ಮೂಲ ಫುಟ್‌ರೆಸ್ಟಿನ ಹೊರತುದಿಯು ನೆಲದಿಂದ ಎಷ್ಟು ಎತ್ತರದಲ್ಲಿದೆ, ಚಕ್ರಗಳ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬುದನ್ನು ಅಳೆದು, ಎತ್ತರವನ್ನು ಹೊರ ಅಂತರದಿಂದ ಭಾಗಿಸಿ. ಹೈವೇ ಪೆಗ್ ಬರಲಿರುವ ಜಾಗಕ್ಕೂ ಇದೇ ಲೆಕ್ಕ ಮಾಡಿ. ಮೂಲ ಫುಟ್‌ರೆಸ್ಟ್ 300 ಮಿಲಿಮೀಟರ್ ಎತ್ತರದಲ್ಲಿ 350 ಮಿಲಿಮೀಟರ್ ಹೊರಗಿದ್ದರೆ 0.86 ಬರುತ್ತದೆ ಎಂದಿಟ್ಟುಕೊಳ್ಳೋಣ. ಹೈವೇ ಪೆಗ್ 400 ಎತ್ತರದಲ್ಲಿ 430 ಹೊರಗಿದ್ದರೆ 0.93 ಬರುತ್ತದೆ, ಇದು ಸರಿ. ಅದೇ ಪೆಗ್ 350 ಎತ್ತರಕ್ಕೆ ಇಳಿದರೆ 0.81 ಆಗುತ್ತದೆ, ಅಂದರೆ ಮೂಲ ಫುಟ್‌ರೆಸ್ಟಿಗಿಂತ ಮೊದಲು ಅದೇ ನೆಲ ಮುಟ್ಟುತ್ತದೆ. ಹೈವೇ ಪೆಗ್ಗಿನ ಸಂಖ್ಯೆ ಯಾವಾಗಲೂ ದೊಡ್ಡದಿರಬೇಕು. ಎರಡೂ ಬದಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ.

ಕೊಳವೆಯ ಬೆಸುಗೆಯ ಮೇಲೆ ಕ್ಲ್ಯಾಂಪು ಕೂರಿಸಬಾರದು, ಅಲ್ಲಿ ಅದು ಸಮವಾಗಿ ಹಿಡಿಯುವುದಿಲ್ಲ. ಓರೆಯಾದ ಕೊಳವೆಯಾದರೆ, ಗುರುತಿನ ಆಸುಪಾಸಿನಲ್ಲಿ ಬಾಗು ಇದ್ದಲ್ಲಿ ಅದರ ಸ್ವಲ್ಪ ಮೇಲೆಯೇ ಕ್ಲ್ಯಾಂಪು ಬರುವಂತೆ ನೋಡಿಕೊಳ್ಳುವುದು ಉತ್ತಮ, ಏಕೆಂದರೆ ಕ್ಲ್ಯಾಂಪು ಎಂದಾದರೂ ಸಡಿಲವಾದರೂ ಬಾಗು ಅದನ್ನು ಕೆಳಕ್ಕೆ ಜಾರಗೊಡುವುದಿಲ್ಲ.

ಬಿಗಿಯುವ ಮೊದಲು ಕೊಳವೆಯ ಧೂಳು, ಎಣ್ಣೆಯನ್ನು ಒರೆಸಿ, ಲೆಗ್ ಗಾರ್ಡನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನೂ ಪರೀಕ್ಷಿಸಿ. ಗಾರ್ಡೇ ಅಲುಗಾಡುತ್ತಿದ್ದರೆ ಪೆಗ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಕ್ಲ್ಯಾಂಪಿನ ಎರಡು ಹೋಳುಗಳನ್ನು ಕೊಳವೆಗೆ ಹಚ್ಚಿ ಬೋಲ್ಟುಗಳನ್ನು ಕೈಯಿಂದಲೇ ತಿರುಗಿಸಿ ನಿಲ್ಲಿಸಿ, ಪೆಗ್ಗಿನ ಕೋನವನ್ನು ಸರಿಪಡಿಸಿ. ಹೆಚ್ಚಿನ ಪೆಗ್ಗುಗಳ ಕೀಲಿನಲ್ಲಿ ಹಲ್ಲುಗಳಿರುತ್ತವೆ. ಹಲ್ಲು ಹಲ್ಲಿಗೆ ಪೂರ್ತಿ ಕೂತಿದೆಯೇ ಎಂದು ನೋಡದೆ ಬಿಗಿದರೆ ಹಲ್ಲುಗಳು ಸವೆದು ಕೀಲು ಹಾಳಾಗುತ್ತದೆ. ಮಡಚುವ ದಿಕ್ಕು ಹಿಂದಕ್ಕೆ, ಮೇಲಕ್ಕೆ ಇರಬೇಕು. ಎಡಬಲದ ಪೆಗ್ಗುಗಳು ಅದಲುಬದಲಾದರೆ ಈ ದಿಕ್ಕು ತಲೆಕೆಳಗಾಗುತ್ತದೆ.

ಎರಡು ಬೋಲ್ಟುಗಳನ್ನೂ ಅರ್ಧರ್ಧ ಸುತ್ತು ಸರದಿಯಲ್ಲಿ ಬಿಗಿಯುತ್ತಾ ಹೋಗಿ. ನಾನು ಮೊದಲ ಸಲ ಕೂರಿಸಿದಾಗ ಒಂದು ಬೋಲ್ಟನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಕೈ ಹಾಕಿದ್ದೆ. ಕ್ಲ್ಯಾಂಪು ಓರೆಯಾಗಿ ಹಿಡಿದಿದ್ದರಿಂದ ತುಮಕೂರು ದಾಟಿದ ಮೇಲೆ ಬಲಗಡೆಯ ಪೆಗ್ ಕಾಲಿನ ಭಾರಕ್ಕೆ ತಟ್ಟನೆ ಕೆಳಕ್ಕೆ ತಿರುಗಿ, ನನ್ನ ಹಿಮ್ಮಡಿ ರಸ್ತೆಗೆ ಸವರಿಕೊಂಡು ಹೋಯಿತು. ಗಾಯವಾಗಲಿಲ್ಲ, ಆದರೆ ಆ ಕ್ಷಣದ ನಡುಕವನ್ನು ಈಗಲೂ ಮರೆತಿಲ್ಲ. ಸರಿಯಾಗಿ ಬಿಗಿದ ಕ್ಲ್ಯಾಂಪಿನಲ್ಲಿ ಎರಡು ಹೋಳುಗಳ ನಡುವೆ ಎರಡೂ ಕಡೆ ಸಮನಾದ ಸಣ್ಣ ಸಂದು ಉಳಿದಿರುತ್ತದೆ. ಹೋಳುಗಳು ಒಂದಕ್ಕೊಂದು ಮುಟ್ಟಿಬಿಟ್ಟಿದ್ದರೆ ಕ್ಲ್ಯಾಂಪು ಕೊಳವೆಗೆ ದೊಡ್ಡದಾಯಿತೆಂದೇ ಅರ್ಥ.

ಎಷ್ಟು ಬಿಗಿಯಬೇಕೆಂಬುದಕ್ಕೆ ತಯಾರಕರು ಕೊಟ್ಟ ಅಂಕಿಯೇ ಪ್ರಮಾಣ. ಅದು ಇಲ್ಲದಿದ್ದರೆ ಉಕ್ಕಿನ ಕ್ಲ್ಯಾಂಪಿನ ಎಂ8, ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟಿಗೆ 20 ನ್ಯೂಟನ್ ಮೀಟರ್ ಆಸುಪಾಸು ಸಾಕು, ಅಲ್ಯೂಮಿನಿಯಂ ಆದರೆ ಅದಕ್ಕಿಂತ ಕಡಿಮೆ. ಈ ಬೋಲ್ಟಿಗೆ ಸಾಮಾನ್ಯವಾಗಿ 6 ಮಿಲಿಮೀಟರಿನ ಅಲೆನ್ ಕೀ ಬೇಕಾಗುತ್ತದೆ. ಕೊಳವೆ ಒಳಗೆ ಟೊಳ್ಳಾಗಿರುವುದರಿಂದ ಅತಿಯಾಗಿ ಬಿಗಿದರೆ ನೆಗ್ಗುತ್ತದೆ. ಕಂಪನಕ್ಕೆ ಬೋಲ್ಟು ಸಡಿಲವಾಗದಂತೆ ಎಳೆಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ಹನಿ ಹಾಕಿ, ಅದು ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ಕೆಂಪು ಬಣ್ಣದ್ದು ಬೇಡ, ಅದನ್ನು ಬಿಚ್ಚಲು ಬೋಲ್ಟನ್ನು ಕಾಯಿಸಬೇಕಾಗುತ್ತದೆ. ಕೊನೆಗೆ ಬೋಲ್ಟಿನ ತಲೆಯಿಂದ ಕ್ಲ್ಯಾಂಪಿನವರೆಗೆ ಉಗುರುಬಣ್ಣದಿಂದ ಒಂದು ಗೆರೆ ಎಳೆದರೆ, ಮುಂದೆ ಬೋಲ್ಟು ಕದಲಿದ್ದರೆ ಗೆರೆ ಮುರಿದು ನೋಡಿದ ಕೂಡಲೇ ತಿಳಿಯುತ್ತದೆ.

ಈಗ ನಿಂತ ಬೈಕಿನ ಮೇಲೆ ಮತ್ತೆ ಕುಳಿತು ಕಾಲನ್ನು ಪೆಗ್ಗಿನ ಮೇಲಿಡಿ. ಹಿಂದೆ ನಿಂತವರು ಬ್ರೇಕ್ ದೀಪವನ್ನು ಗಮನಿಸಲಿ, ಏಕೆಂದರೆ ಪೆಗ್ ತಗ್ಗಿನಲ್ಲಿದ್ದರೆ ಕಾಲು ತಿಳಿಯದಂತೆ ಬ್ರೇಕ್ ಪೆಡಲನ್ನು ಒತ್ತುತ್ತಿರಬಹುದು. ಎಡಗಾಲು ಗೇರ್ ಲಿವರಿಗೆ, ಬಲಗಾಲು ಸೈಲೆನ್ಸರಿನ ಬಿಸಿ ಕೊಳವೆಗೆ ತಾಗಬಾರದು. ಮಳೆಗಾಲದ ಪ್ಯಾಂಟು ಕ್ಷಣದಲ್ಲೇ ಕರಗಿ ಕೊಳವೆಗೆ ಅಂಟಿಕೊಳ್ಳುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮೊಣಕಾಲಿಗೆ ಬಡಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಳಿಕ ಕಣ್ಣು ರಸ್ತೆಯ ಕಡೆಗಿಟ್ಟುಕೊಂಡೇ ಪೆಗ್ಗಿನಿಂದ ಬ್ರೇಕಿಗೆ ಕಾಲು ತರುವುದನ್ನು ಹತ್ತಾರು ಸಲ ಅಭ್ಯಾಸ ಮಾಡಿ.

ಆ ಅಭ್ಯಾಸ ಏಕೆ ಬೇಕೆಂದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಾಲನ್ನು ಬ್ರೇಕಿಗೆ ತರಲು ಒಂದು ಸೆಕೆಂಡು ತಡವಾದರೂ ಹಿಂದಿನ ಬ್ರೇಕ್ ಅಷ್ಟು ದೂರ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಊರೊಳಗೆ, ಟೋಲ್ ಹತ್ತಿರವಾದಾಗ, ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ, ಮಳೆಯಲ್ಲಿ, ಕತ್ತಲೆಯಲ್ಲಿ ಕಾಲು ಮೂಲ ಫುಟ್‌ರೆಸ್ಟಿನ ಮೇಲೆಯೇ ಇರಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲದಿರುವುದರಿಂದ ಅಲ್ಲಿ ನಮ್ಮ ಪಾಲಿಗಿರುವುದು ಸರ್ವಿಸ್ ರಸ್ತೆ. ಪಕ್ಕದಿಂದ ಯಾವ ಕ್ಷಣದಲ್ಲಾದರೂ ವಾಹನ ನುಗ್ಗುವ ಆ ರಸ್ತೆಯಲ್ಲಂತೂ ಪೆಗ್ ಬಳಸಲೇಬಾರದು. ಹಂಪು ಬಂದಾಗ ಪೆಗ್ಗಿನ ಮೇಲೆ ಎದ್ದು ನಿಲ್ಲುವುದೂ ತಪ್ಪು, ಅದು ಕಾಲಿನ ಭಾರಕ್ಕೆ ಮಾಡಿದ್ದೇ ಹೊರತು ಮೈಭಾರಕ್ಕಲ್ಲ.

ಮೊದಲ 50 ಕಿಲೋಮೀಟರ್ ಆದಾಗ ನಿಲ್ಲಿಸಿ ಉಗುರುಬಣ್ಣದ ಗೆರೆಯನ್ನೂ ಪೆಗ್ಗಿನ ಕೋನವನ್ನೂ ನೋಡಿ, ಬೇಕಿದ್ದರೆ ಒಂದು ಹಲ್ಲು ಮೇಲೆ ಅಥವಾ ಕೆಳಗೆ ಸರಿಸಿ. ಬೋಲ್ಟನ್ನು ಬಿಚ್ಚಿದರೆ ಥ್ರೆಡ್‌ಲಾಕರ್ ಹೊಸದಾಗಿ ಹಾಕಿ. ಮತ್ತೆ 500 ಕಿಲೋಮೀಟರ್ ಆದಾಗ ಒಮ್ಮೆ, ಆಮೇಲೆ ಪ್ರತಿ ಸರ್ವಿಸಿನಲ್ಲೂ ಒಮ್ಮೆ ನೋಡಿ. ಮಡಚುವ ಕೀಲಿಗೆ ಮಳೆಗಾಲ ಕಳೆದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಬೆರಳಿನಿಂದ ತಳ್ಳಿದರೆ ಸಲೀಸಾಗಿ ಮೇಲಕ್ಕೆ ಮಡಚುತ್ತದೆಯೇ ಎಂದು ಪರೀಕ್ಷಿಸಿ.