ಪಾಯದ ಮಣ್ಣನ್ನೇ ಗೋಡೆಗೆ ಬಳಸುವುದು

ಬೆಂಗಳೂರಿನ ಸುತ್ತ ಪಾಯ ತೋಡಿದ ಕೆಮ್ಮಣ್ಣನ್ನು ದುಡ್ಡು ಕೊಟ್ಟು ಲಾರಿಯಲ್ಲಿ ಹೊರಗೆ ಸಾಗಿಸಿ, ಮತ್ತೆ ದುಡ್ಡು ಕೊಟ್ಟು ಸುಟ್ಟ ಇಟ್ಟಿಗೆ ತರಿಸುತ್ತಾರೆ. ನಾನು ವಿನ್ಯಾಸ ಮಾಡುವ ಮನೆಗಳಲ್ಲಿ ಆ ಮಣ್ಣನ್ನೇ ಸೈಟಿನಲ್ಲಿ ಯಂತ್ರದ ಅಚ್ಚಿನಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡಿಸುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಪಳಗಿಸಿದ ವಿಧಾನ ಇದು.

ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಕಸ ಇರುತ್ತದೆ; ಅದು ತೋಟಕ್ಕೆ. ಕೆಳಗಿನದನ್ನು 5 ಮಿ.ಮೀ. ಜರಡಿ ಹಿಡಿದು, ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಕುಲುಕಿ ಬಿಟ್ಟರೆ ಮರಳು ತಳಕ್ಕೆ, ಜೇಡಿ ಮೇಲಕ್ಕೆ ಪದರಗಟ್ಟುತ್ತದೆ. ಇದು ಅಂದಾಜು ಅಷ್ಟೇ, ಲ್ಯಾಬ್ ವರದಿ ಬೇಕೇ ಬೇಕು. ಜೇಡಿ 10–15% ಇರಬೇಕು. 30% ಇದ್ದರೆ ಮಣ್ಣಿನಷ್ಟೇ ತೂಕದ ಕಲ್ಲುಪುಡಿ ಬೆರೆಸಿ 15ಕ್ಕೆ ಇಳಿಸುತ್ತೇನೆ. ಕಲ್ಲುಪುಡಿಯಲ್ಲಿ ಜಿಪುಣತನ ತೋರಿಸಿ ಸಿಮೆಂಟ್ ಹೆಚ್ಚಿಸುವ ಮೇಸ್ತ್ರಿಗಳಿದ್ದಾರೆ. ಜೇಡಿ ಹೆಚ್ಚಿದ್ದಲ್ಲಿ ಇಟ್ಟಿಗೆ ಒಣಗುವಾಗ ಕುಗ್ಗಿ ಸೀಳುತ್ತದೆ, ಸಿಮೆಂಟ್ ಅದನ್ನು ತಡೆಯದು. ಎರೆಮಣ್ಣಾದರೆ ಈ ಲೆಕ್ಕವೇ ಬೇರೆ, ಅದಕ್ಕೆ ಸುಣ್ಣ ಬೇಕು.

80 ಕೆಜಿ ಮಿಶ್ರಣಕ್ಕೆ 6 ಕೆಜಿ ಸಿಮೆಂಟ್, ಅಂದರೆ ಮಿಶ್ರಣದ ತೂಕದ 7.5%. ಒಣದಾಗಿಯೇ ಬಣ್ಣ ಒಂದಾಗುವವರೆಗೆ ಕಲೆಸಿ, ಆಮೇಲೆ ನೀರು ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಇದರಲ್ಲಿ 230×190×100 ಮಿ.ಮೀ. ಅಳತೆಯ ಹತ್ತು ಇಟ್ಟಿಗೆ ಬರುತ್ತವೆ. ಒಮ್ಮೆಗೇ ಇಡೀ ಚೀಲ ಸಿಮೆಂಟ್ ಸುರಿಯಲು ನಾನು ಬಿಡುವುದಿಲ್ಲ: ನೀರು ತಾಗಿದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸದಿದ್ದರೆ ಸಿಮೆಂಟ್ ರಾಶಿಯಲ್ಲೇ ಬಿಗಿಯತೊಡಗುತ್ತದೆ. ಪ್ರತಿ ಇಟ್ಟಿಗೆಗೂ ಮಣ್ಣನ್ನು ತೂಗಿಯೇ ಅಚ್ಚಿಗೆ ಹಾಕಿಸಿ, ಸುಮಾರು 9 ಕೆಜಿ. ಬಾಂಡ್ಲಿ ಲೆಕ್ಕಕ್ಕೆ ಬಿಟ್ಟರೆ ಒಂದು ಗಟ್ಟಿ, ಒಂದು ಪೊಳ್ಳು.

ನೆರಳಲ್ಲಿ ಪೇರಿಸಿ, ಹುಲ್ಲು ಇಲ್ಲವೇ ಗೋಣಿತಾಟು ಹೊದಿಸಿ, ಮೂರು ವಾರ ಒದ್ದೆಯಾಗಿಡಬೇಕು. ನಾನು ನೋಡಿದ ಸೋಲುಗಳಲ್ಲಿ ಹೆಚ್ಚಿನವು ಇಲ್ಲಿನವೇ: ಭಾನುವಾರ ನೀರು ಹಾಕುವವರಿಲ್ಲ, ಸೋಮವಾರ ಅಂಚು ಬೆರಳಿಗೇ ಉದುರುತ್ತದೆ.

ಗಾರೆ 1:1:6, ಸಿಮೆಂಟ್, ಮಣ್ಣು, ಮರಳು. ಗಾರೆ ಇಟ್ಟಿಗೆಗಿಂತ ಬಲವಾಗಿದ್ದರೆ ಬಿರುಕು ಸಂದಿಯಲ್ಲಿ ನಿಲ್ಲದೆ ಇಟ್ಟಿಗೆಯನ್ನೇ ಸೀಳುತ್ತದೆ. ಗೋಡೆಯ ಬುಡಕ್ಕೆ ಒಂದೂವರೆ ಅಡಿ ಕಲ್ಲುಕಟ್ಟಡ, ಮೇಲೆ ಎರಡಡಿ ಚಾಚಿದ ಸೂರು. ವಿದ್ಯುತ್ ಪೈಪುಗಳ ದಾರಿಯನ್ನು ನಕ್ಷೆಯಲ್ಲೇ ಗುರುತಿಸಿ ಕಟ್ಟುವಾಗಲೇ ಕೂರಿಸುತ್ತೇನೆ. ಗಿಲಾವು ಇಲ್ಲದ ಗೋಡೆಯಲ್ಲಿ ಆಮೇಲೆ ಕೊರೆದ ಕಾಲುವೆಯನ್ನು ಮುಚ್ಚಿಡಲು ಜಾಗವೇ ಇಲ್ಲ.